ಒಂದೇ ವಿಳಾಸದವರು

ನಮ್ಮ ಕೇರಿಯ ಕೈಪಂಪಿಗೆ ಹಿಡಿ ಇರಲಿಲ್ಲ.

ಹಿಡಿ ಬಿಚ್ಚಿದವನು ನನ್ನ ಅಪ್ಪ ಕೊಲೊಮಾನ್. ಬಿಚ್ಚಿಸಿದ್ದು ಯಾವೊರ್ಕಾ ಪುರಸಭೆ. ಮೊದಲನೆಯ ಮಾತನ್ನು ಎಲ್ಲರೂ ನಂಬಿದರು. ಎರಡನೆಯದನ್ನು ನಂಬಿಸಲು ನಾನು ಒಂದು ಚಳಿಗಾಲ ಪೂರ್ತಿ ಬಡಿದಾಡಿದೆ.

ಅಪ್ಪ ಆಗ ಪುರಸಭೆಯ ಕೂಲಿ ಯೋಜನೆಯಲ್ಲಿದ್ದ. ಕಿತ್ತಳೆ ಜಾಕೆಟ್ಟು ತೊಟ್ಟು ಚೌಕ ಗುಡಿಸಬೇಕು. ಚರಂಡಿಯ ಕೆಸರು ಎತ್ತಬೇಕು. ಗಾಜೊಗಳ ಸ್ಮಶಾನದಲ್ಲಿ ಹುಲ್ಲು ಕೊಯ್ಯಬೇಕು. ನಾವು ರೋಮಾ, ಜಿಪ್ಸಿಗಳೆಂದು ಜನ ಕರೆಯುವವರು. ಗಾಜೊ ಅಂದರೆ ರೋಮಾ ಅಲ್ಲದವರು. ಊರು ಅವರದು. ಹೊಳೆಯಾಚೆಯ ಕೇರಿ ನಮ್ಮದು. ಕೆಲಸಕ್ಕೆ ಹೋಗದಿದ್ದರೆ ಸರ್ಕಾರದ ಭತ್ಯೆ ನಿಲ್ಲುತ್ತದೆ. ಹೋದರೆ ಬೆನ್ನು ಹೋಗುತ್ತದೆ.

ಜುಲೈ ತಿಂಗಳ ಒಂದು ದಿನ ಮೇಸ್ತ್ರಿ ಕುಬಾಲಾ ಲಾರಿಯನ್ನು ನಮ್ಮ ಪಂಪಿನ ಪಕ್ಕ ನಿಲ್ಲಿಸಿದ.

“ಲೋ ಕೊಲೊ, ಸ್ಪ್ಯಾನರ್ ತಗೊ. ಹಿಡಿ ಬಿಚ್ಚು.”

“ಯಾಕೆ ಸಾಹೇಬ್ರೆ? ಚೆನ್ನಾಗೇ ಇದೆಯಲ್ಲ.”

“ರಿಪೇರಿಗೆ ಕಣೋ. ನಿಂಗೆ ವರದಿ ಒಪ್ಪಿಸ್ಬೇಕಾ? ಬಿಚ್ಚು ಅಂದ್ರೆ ಬಿಚ್ಚು.”

ನಟ್ಟು ತುಕ್ಕು ಹಿಡಿದಿತ್ತು. ನೆತ್ತಿ ಸುಡುವ ಬಿಸಿಲು. ಅಪ್ಪ ಜಾಕೆಟ್ಟನ್ನೂ ಅಂಗಿಯನ್ನೂ ಬಿಚ್ಚಿ ಲಾರಿಯ ಕನ್ನಡಿಗೆ ನೇತುಹಾಕಿದ. ಬರಿಮೈಯಲ್ಲಿ ಸ್ಪ್ಯಾನರಿಗೆ ಜೋತುಬಿದ್ದ. ಅಂಗೈ ಸುಲಿಯಿತು. ನಟ್ಟು ಕೊನೆಗೆ ಕಿರುಚಿ ಸಡಿಲವಾಯಿತು. ಹಿಡಿಯನ್ನು ಹೊತ್ತು ಲಾರಿಗೆ ಹಾಕಿದವನೂ ಅವನೇ. ಲಾರಿ ಹೋಯಿತು. ಹಿಡಿ ವಾಪಸ್ಸು ಬರಲಿಲ್ಲ.

ಹೆಂಗಸರು ಸ್ಮಶಾನದ ನಲ್ಲಿಗೆ ಹೊರಟರು. ಸಮಾಧಿಯ ಹೂವಿಗೆ ನೀರು ಹಾಕಲೆಂದು ಇಟ್ಟ ನಲ್ಲಿ ಅದು. ಮಕ್ಕಳ ತಳ್ಳುಗಾಡಿಯಲ್ಲಿ ಕ್ಯಾನು, ಕಂಕುಳಲ್ಲಿ ಮಗು. ಹೆದ್ದಾರಿ ದಾಟಿ, ದಿಬ್ಬ ಹತ್ತಿ, ಗೇಟಿನಲ್ಲಿ ಬೈಸಿಕೊಂಡು ನೀರು ತರಬೇಕು. ನಿಮ್ಮ ಕೊಳಕು ಕೈ ನಮ್ಮ ಸತ್ತವರ ನಲ್ಲಿಗೆ ಯಾಕೆ ಎಂದು ಒಬ್ಬ ಮುದುಕಿ ಕೂಗಿದ್ದಳು. ಅಪ್ಪನ ಅಕ್ಕ ರೊಜಾಲಿಯಾ ಅತ್ತೆ ಕ್ಯಾನಿನ ಮುಚ್ಚಳ ಬಿಗಿಯುತ್ತ, “ಸತ್ತವ್ರಿಗೆ ಬಾಯಾರಿಕೆ ಆದ್ರೆ ಹೇಳ್ಕಳ್ಸಮ್ಮ, ವಾಪಸ್ ಸುರಿದು ಹೋಗ್ತೀನಿ,” ಎಂದು ಬಂದಿದ್ದಳು.

ನಾನು ಪ್ರೆಶೊವ್ ನಗರದಲ್ಲಿ ನರ್ಸಿಂಗ್ ಓದುತ್ತಿದ್ದೆ. ಹಾಸ್ಟೆಲಿನಲ್ಲಿದ್ದೆ. ಹಾಸ್ಟೆಲಿನ ಗ್ರಂಥಾಲಯ ಬೆಚ್ಚಗಿರುತ್ತಿತ್ತು, ಯಾಕೆ ಕೂತಿದ್ದೀಯೆಂದು ಕೇಳುವವರಿಲ್ಲ. ಅಕ್ಟೋಬರಿನಲ್ಲಿ ಒಂದು ದಿನ ನನ್ನ ಕೋಣೆಯ ದಾರಿನಾ ಅಲ್ಲಿನ ಕಂಪ್ಯೂಟರಿನಿಂದ ಕೂಗಿದಳು.

“ಸಿಡಾ, ನೀನು ಯಾವೊರ್ಕಾದವಳಲ್ವೇನೆ? ಬಾ ಇಲ್ಲಿ. ನಿಮ್ಮೂರ ಬಗ್ಗೆ ಎಷ್ಟೊಂದು ಬರೆದಿದ್ದಾರೆ ನೋಡು.”

ಅದು ಎಲ್ಲರೂ ಓದುವ, ಯಾರು ಬೇಕಾದರೂ ಬರೆಯಬಹುದಾದ ಅಂತರ್ಜಾಲದ ವಿಶ್ವಕೋಶ. ನಮ್ಮೂರಿನ ಪುಟದಲ್ಲಿ ಚರ್ಚು ಇತ್ತು, ಅಗ್ನಿಶಾಮಕ ದಳದ ಇತಿಹಾಸ ಇತ್ತು, ಊರಿನ ಲಾಂಛನದಲ್ಲಿರುವ ಕೊಡಲಿಯ ವಿವರಣೆ ಇತ್ತು. ಕೊನೆಯಲ್ಲಿ ನಾವಿದ್ದೆವು. ‘ಕೇರಿಯ ನಿವಾಸಿಗಳು ಸಾರ್ವಜನಿಕ ಪಂಪನ್ನು ಬಿಚ್ಚಿ ಹಾಳುಗೆಡವಿದ ಕಾರಣ ಅಲ್ಲಿನ ನೀರಿನ ಪೂರೈಕೆ ಸ್ಥಗಿತಗೊಂಡಿದೆ.’ ಪಕ್ಕದಲ್ಲಿ ಒಂದು ಫೋಟೊ. ಕೆಳಗೆ, ‘ಪಂಪು ಬಿಚ್ಚುತ್ತಿರುವ ನಿವಾಸಿ’.

ಬರಿಮೈ. ಬೆವರು. ಕೈಯಲ್ಲಿ ಸ್ಪ್ಯಾನರ್. ಅಪ್ಪ.

“ಥೂ, ತಾವು ಕುಡಿಯೋ ನೀರಿನ ಪಂಪನ್ನೇ ಕೀಳ್ತಾರಲ್ಲ,” ಎಂದಳು ದಾರಿನಾ. ಆಮೇಲೆ ನನ್ನ ಮುಖ ನೋಡಿ, “ನಿನ್ನಂಥವ್ರಿಗೆ ಅಲ್ಲ ಬಿಡೆ ನಾನು ಅಂದಿದ್ದು. ನೀನು ಬೇರೆ,” ಎಂದಳು.

ಅವಳು ಊಟಕ್ಕೆ ಹೋದಮೇಲೆ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಅಪ್ಪನ ನೆತ್ತಿಯ ಬೋಳು ಕಾಣುತ್ತಿತ್ತು. ನೆಲದ ಮೇಲೆ ನಿಂತವನಿಗೆ ಅದು ಕಾಣುವುದಿಲ್ಲ. ಲಾರಿಯ ಸೀಟಿನಲ್ಲಿ ಕೂತವನಿಗೆ ಕಾಣುತ್ತದೆ. ಎಡಗಡೆಯ ಅಂಚಿನಲ್ಲಿ ಕಪ್ಪಗೆ ಏನೋ ಇತ್ತು. ಅರ್ಧ ಕನ್ನಡಿ. ಉಳಿದರ್ಧವನ್ನು, ಅದಕ್ಕೆ ನೇತುಹಾಕಿದ್ದ ಜಾಕೆಟ್ಟಿನ ಸಮೇತ, ಯಾರೋ ಕತ್ತರಿಸಿದ್ದರು.

ಮನೆಗೆ ಫೋನ್ ಮಾಡಿದೆ.

“ಅಪ್ಪ, ಆವತ್ತು ಲಾರೀಲಿ ಯಾರ್ಯಾರಿದ್ರು?”

“ಕುಬಾಲಾ. ಇನ್ನೊಬ್ಬ ಆಫೀಸಿನವನು, ಕನ್ನಡಕದವನು. ಕೆಳಗೇ ಇಳೀಲಿಲ್ಲ ಪುಣ್ಯಾತ್ಮ. ಫೋನ್ ಹಿಡ್ಕೊಂಡು ಕೂತಿದ್ದ. ಯಾಕೆ?”

“ಸುಮ್ನೆ.”

ನಾನು ಖಾತೆ ತೆರೆದೆ. ನನ್ನ ಹೆಸರನ್ನೇ ಕೊಟ್ಟೆ, ಸಿಡೋನಿಯಾ. ವಾಕ್ಯವನ್ನು ತಿದ್ದಿದೆ. ‘ಪುರಸಭೆಯ ಆಜ್ಞೆಯಂತೆ ಪಂಪಿನ ಹಿಡಿಯನ್ನು ತೆಗೆಯಲಾಯಿತು.’ ಫೋಟೊ ತೆಗೆದುಹಾಕಿದೆ. ಕೈತೊಳೆದು ಬರುವಷ್ಟರಲ್ಲಿ ಹಳೆಯ ವಾಕ್ಯ ಹಳೆಯ ಜಾಗದಲ್ಲಿತ್ತು. ಅಪ್ಪನೂ ವಾಪಸ್ಸು ಬಂದು ನಿಂತಿದ್ದ.

ನನಗೊಂದು ಸಂದೇಶ ಬಂದಿತ್ತು. ‘ಮಾನ್ಯ ಸದಸ್ಯರೆ, ವಿಶ್ವಕೋಶಕ್ಕೆ ತಮಗೆ ಸ್ವಾಗತ. ತಮ್ಮ ಆಸಕ್ತಿಗೆ ಧನ್ಯವಾದಗಳು. ತಮ್ಮ ತಿದ್ದುಪಡಿಗೆ ಪ್ರಕಟಿತ ಆಧಾರ ಇಲ್ಲದ ಕಾರಣ ಅದನ್ನು ರದ್ದುಗೊಳಿಸಲಾಗಿದೆ. ದಯವಿಟ್ಟು ಚರ್ಚಾಪುಟಕ್ಕೆ ಬನ್ನಿ.’ ಕೆಳಗೆ ಸಹಿ: ರಸಮಟ್ಟ. ಗಾರೆಯವರು ಗೋಡೆಯ ಮಟ್ಟ ನೋಡುವ ಸಾಧನದ ಹೆಸರನ್ನು ಇಟ್ಟುಕೊಂಡಿದ್ದ. ನಿಜದ ಹೆಸರು ಯಾರಿಗೂ ಗೊತ್ತಿಲ್ಲ. ಗಂಡೋ ಹೆಣ್ಣೋ ಗೊತ್ತಿಲ್ಲ. ನಾನು ಗಂಡು ಎಂದುಕೊಂಡೆ. ಮನಸ್ಸಿನಲ್ಲೇ ಅವನಿಗೆ ಕನ್ನಡಕವನ್ನೂ ಹಾಕಿದೆ.

ಅಲ್ಲಿಯವರೆಗೆ ಯಾವ ಗಾಜೊ ಕೂಡ ನನ್ನನ್ನು ‘ತಾವು’ ಎಂದಿರಲಿಲ್ಲ. ಬೈದಿದ್ದರೆ ನನಗೆ ಅರ್ಥವಾಗುತ್ತಿತ್ತು. ಮರ್ಯಾದೆ ಕೊಟ್ಟದ್ದಕ್ಕೆ ಅನುಮಾನ ಬಂತು.

ಚರ್ಚಾಪುಟಕ್ಕೆ ಹೋದೆ. ಫೋಟೊದಲ್ಲಿರುವುದು ನನ್ನ ಅಪ್ಪ, ಅವನು ಪುರಸಭೆಯ ಕೂಲಿ, ಅವನಿಗೆ ಹೇಳಿದ್ದರು, ಅವನು ಬಿಚ್ಚಿದ ಎಂದು ಬರೆದೆ.

‘ತಮ್ಮ ನೋವು ಅರ್ಥವಾಗುತ್ತದೆ,’ ಎಂದು ರಸಮಟ್ಟ ಬರೆದ. ‘ಆದರೆ ತಾವು ಆ ವ್ಯಕ್ತಿಯ ಮಗಳೆಂದು ತಾವೇ ಹೇಳಿದ್ದೀರಿ. ಈ ವಿಷಯದಲ್ಲಿ ತಮಗೆ ಸ್ವಂತ ಹಿತಾಸಕ್ತಿಯಿದೆ. ಹಿತಾಸಕ್ತಿ ಇರುವವರು ಲೇಖನವನ್ನು ತಿದ್ದದಿರುವುದು ಇಲ್ಲಿನ ಶಿಷ್ಟಾಚಾರ. ನಾವು ತಟಸ್ಥರಾಗಿರಬೇಕು.’

‘ಹಾಗಾದರೆ ನಿಮ್ಮ ವಾಕ್ಯಕ್ಕೆ ಆಧಾರ ಯಾವುದು?’

‘ಪುರಸಭೆಯ ಪತ್ರಿಕೆ, ಸೆಪ್ಟೆಂಬರ್ ಸಂಚಿಕೆ.’

ಆ ಸಂಚಿಕೆಯನ್ನು ಓದಿದೆ. ಅದೇ ವಾಕ್ಯ, ಒಂದಕ್ಷರ ಆಚೀಚೆ ಇಲ್ಲ. ಆದರೆ ವಿಶ್ವಕೋಶದಲ್ಲಿ ಆ ವಾಕ್ಯ ಆಗಸ್ಟಿನಲ್ಲೇ ಕೂತಿತ್ತು. ಯಾವ ಪುಟದಲ್ಲಿ ಯಾರು ಯಾವಾಗ ಏನು ಬರೆದರೆಂಬುದು ಅಲ್ಲಿ ಎಲ್ಲರಿಗೂ ಕಾಣುತ್ತದೆ. ಬರೆದವನು ರಸಮಟ್ಟ. ಅವನನ್ನು ನೋಡಿ ಪತ್ರಿಕೆ ಬರೆಯಿತು. ಪತ್ರಿಕೆಯನ್ನು ಈಗ ಅವನು ತನ್ನ ಆಧಾರವೆಂದು ತೋರಿಸುತ್ತಿದ್ದ. ಇದನ್ನು ಬರೆದೆ.

‘ಪ್ರಕಟವಾದ ಆಧಾರಕ್ಕೆ ಆಧಾರ ಯಾವುದೆಂದು ಹುಡುಕುವುದು ನಮ್ಮ ಕೆಲಸವಲ್ಲ. ಅದು ಸ್ವಂತ ಸಂಶೋಧನೆಯಾಗುತ್ತದೆ. ಸಹ ಸಂಪಾದಕರಲ್ಲಿ ಸದ್ಭಾವನೆ ಇದೆಯೆಂದು ಭಾವಿಸುವುದು ಇಲ್ಲಿನ ಮೊದಲ ನಿಯಮ. ತಮ್ಮ ಮಾತಿನಲ್ಲಿ ಅನುಮಾನದ ಧ್ವನಿಯಿದೆ. ದಯವಿಟ್ಟು ಗಮನಿಸಿ.’

ಗಮನಿಸಿದೆ. ಅವನನ್ನೇ ಗಮನಿಸಿದೆ. ಅವನು ಬೆಳಿಗ್ಗೆ ಬರೆಯುತ್ತಿದ್ದ. ಊಟದ ಹೊತ್ತಿಗೆ ನಿಲ್ಲಿಸುತ್ತಿದ್ದ. ಮತ್ತೆ ಬರೆಯುತ್ತಿದ್ದ. ಶನಿವಾರ, ಭಾನುವಾರ ಇಲ್ಲ. ಕುರ್ಚಿ, ಮೇಜು, ಸಂಬಳ ಇರುವ ಮನುಷ್ಯ. ನಮ್ಮ ಪುರಸಭೆಯವನೂ ಇರಬಹುದು. ಕಂಡೇ ಇರದ ಯಾವುದೋ ನಗರದವನೂ ಇರಬಹುದು. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದೆಂದು ನನಗೆ ತಿಳಿಯಲಿಲ್ಲ.

ಡಿಸೆಂಬರಿನಲ್ಲಿ ಪುರಸಭೆಯ ಸಭೆ ಕರೆದರು. ಕೇರಿಯಿಂದ ಅಪ್ಪ, ರೊಜಾಲಿಯಾ ಅತ್ತೆ ಹೋದರು. ನಾನೂ ಹಾಸ್ಟೆಲಿನಿಂದ ಬಂದೆ. ನಮ್ಮನ್ನು ಬಾಗಿಲ ಬಳಿ ನಿಲ್ಲಿಸಿದರು. ಕುರ್ಚಿ ಖಾಲಿ ಇದ್ದವು.

“ಪಂಪಿಗೆ ಹಿಡಿ ಹಾಕ್ಸಿ ಸ್ವಾಮಿ,” ಎಂದಳು ಅತ್ತೆ. “ದಿಬ್ಬದ ಮೇಲೆ ಐಸ್ ಕಟ್ಟಿದೆ. ಜಾರಿಬಿದ್ರೆ ನಮ್ಮನ್ನ ಅಲ್ಲೇ ಹೂಳ್ಬೋದು, ದೂರ ಏನಿಲ್ಲ.”

ಒಂದಿಬ್ಬರು ನಕ್ಕರು. ಅಧ್ಯಕ್ಷ ನಗಲಿಲ್ಲ. ಜೇಬಿನಿಂದ ಫೋನ್ ತೆಗೆದ.

“ನೋಡಮ್ಮ, ಸಾರ್ವಜನಿಕ ಆಸ್ತಿಯನ್ನ ಬಳಸೋರೇ ಹಾಳು ಮಾಡಿದ್ರೆ ರಿಪೇರಿ ಮಾಡೋ ಜವಾಬ್ದಾರಿ ಪುರಸಭೆಗಿಲ್ಲ. ಕಾನೂನು ಹಾಗಿದೆ. ಯಾರು ಹಾಳು ಮಾಡಿದ್ದು ಅಂತ ನಾನು ಹೇಳಲ್ಲ. ನಾನು ಹೇಳಿದ್ರೆ ರಾಜಕೀಯ ಅಂತೀರಿ. ಇಗೋ, ತಟಸ್ಥರು ಬರೆದಿರೋದು.” ಓದಿದ. ನಿಧಾನವಾಗಿ, ಪಾದ್ರಿಯ ಹಾಗೆ ಓದಿದ. ಫೋಟೊವನ್ನು ಎತ್ತಿ ತೋರಿಸಿದ. ಎಲ್ಲರೂ ಫೋನು ನೋಡಿದರು, ಬಾಗಿಲ ಬಳಿ ನಿಂತ ಅಪ್ಪನನ್ನು ನೋಡಿದರು, ಮತ್ತೆ ಫೋನು ನೋಡಿದರು.

ಕುಬಾಲಾ ಮುಂದಿನ ಸಾಲಿನಲ್ಲೇ ಕೂತಿದ್ದ. ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. ಅಷ್ಟು ಹೊತ್ತು ಯಾರೂ ದಾರ ಕಟ್ಟುವುದಿಲ್ಲ.

“ಸಾಹೇಬ್ರೆ,” ಎಂದ ಅಪ್ಪ, “ಹೇಳಿ ಸಾಹೇಬ್ರೆ. ನೀವೇ ತಾನೆ...”

“ನಿನ್ನ ಸರದಿ ಬಂದಾಗ ಮಾತಾಡು,” ಎಂದ ಅಧ್ಯಕ್ಷ. ಸರದಿ ಬರಲಿಲ್ಲ. ಪಂಪನ್ನು ಇಡಬೇಕೋ ಮುಚ್ಚಬೇಕೋ ಎಂಬುದನ್ನು ಮಾರ್ಚಿ ಸಭೆಗೆ ಮುಂದೂಡಿದರು.

ಅಂದರೆ ಮಾರ್ಚಿಯೊಳಗೆ ಆ ವಾಕ್ಯ ಹೋಗಬೇಕು. ಹೋದರೆ ಅಧ್ಯಕ್ಷನ ಕೈಯಲ್ಲಿ ಓದಲು ಏನೂ ಇರುವುದಿಲ್ಲ. ಚರ್ಚಾಪುಟದಲ್ಲಿ ಕೇಳಿದೆ: ವಾಕ್ಯ ಬದಲಾಗಲು ಏನು ಬೇಕು? ರಸಮಟ್ಟ ಉತ್ತರಿಸಿದ: ‘ಒಬ್ಬರ ಮಾತು ಸಾಲದು. ಬೇರೆ ಸದಸ್ಯರೂ ಬಂದು ಅಭಿಪ್ರಾಯ ತಿಳಿಸಿ ಒಮ್ಮತ ಮೂಡಿದರೆ ಪರಿಶೀಲಿಸಬಹುದು.’

ಒಬ್ಬಳ ಮಾತು ಸಾಲದೇ? ನಮ್ಮ ಕೇರಿಯಲ್ಲಿ ಜನಕ್ಕೇನು ಬರ.

ಕ್ರಿಸ್‌ಮಸ್ ರಜೆಯಲ್ಲಿ ಸಮುದಾಯ ಭವನದ ಬೀಗ ತೆಗೆಸಿದೆ. ಬೀಗದ ಕೈ ಭವನ ನೋಡಿಕೊಳ್ಳುವ ಲೂಬಿಚಾ ಎಂಬ ಗಾಜೊ ಮೇಡಂ ಹತ್ತಿರ ಇರುತ್ತದೆ. ಒಳ್ಳೆಯವಳೇ. ಕೇರಿಗೆಲ್ಲ ಇರುವ ಒಂದೇ ಇಂಟರ್ನೆಟ್ ತಂತಿ ಆ ಭವನಕ್ಕೆ ಬರುತ್ತದೆ. ಕಂಪ್ಯೂಟರೂ ಒಂದೇ. ಕೇರಿಯವರು ಕೆಲಸದ ಅರ್ಜಿ ಹಾಕುವುದು, ಮಕ್ಕಳು ಹಾಡು ಕೇಳುವುದು, ಇಂಗ್ಲೆಂಡಿಗೆ ಹೋದ ಗಂಡಂದಿರ ಜತೆ ಹೆಂಡತಿಯರು ಜಗಳವಾಡುವುದು ಎಲ್ಲ ಆ ಒಂದೇ ತಂತಿಯಲ್ಲಿ.

ಬಂದವರಲ್ಲಿ ಲಾಯೊಶ್ ಅಜ್ಜ ಬಾಗಿಲಲ್ಲೇ ನಿಂತ. “ಹೆಸರು ಕೊಡ್ಬೇಡ್ರೋ. ನಮ್ಮ ಹೆಸರು ಬರ್ಕೊಂಡೋರು ಯಾವತ್ತಾದ್ರೂ ಒಳ್ಳೇದಕ್ಕೆ ಬರ್ಕೊಂಡಿದ್ದಾರಾ?”

“ನಿನ್ನ ಹಿಡ್ಕೊಂಡ್ ಹೋದ್ರೂ ಸಂಜೆಯೊಳಗೆ ನಮಗೆ ಬೇಡಪ್ಪ ಅಂತ ವಾಪಸ್ ತಂದ್ಬಿಡ್ತಾರೆ, ಬಾ ಅಜ್ಜ,” ಎಂದ ಪಕ್ಕದ ಮನೆಯ ಎರ್ವಿನ್. ಅವನೂ ಅಪ್ಪನ ಜತೆ ಕಿತ್ತಳೆ ಜಾಕೆಟ್ಟಿನವನು.

ಅಜ್ಜ ಒಳಗೆ ಬಂದ. ಅಪ್ಪ, ಅತ್ತೆ, ಎರ್ವಿನ್, ಅವನ ಹೆಂಡತಿ, ಅವನ ತಮ್ಮ, ಅಜ್ಜ. ಒಬ್ಬೊಬ್ಬರಿಗೂ ಖಾತೆ ತೆರೆದೆ. ಅವರವರ ಹೆಸರು, ಅವರವರ ಮಾತು. ಎರ್ವಿನ್ ಒಂದೇ ಬೆರಳಲ್ಲಿ ತಾನೇ ಕುಟ್ಟಿದ. ಬರೆಯಲು ಬಾರದವರು ಹೇಳಿದರು, ನಾನು ಬರೆದೆ.

ಎಲ್ಲರೂ ಒಂದೇ ಥರ ಶುರು ಮಾಡಿದರು. ‘ಸುಳ್ಳಾಡಿದರೆ ನಾನು ಸಾಯಲಿ.’ ನಮ್ಮಲ್ಲಿ ಸಾಕ್ಷಿ ಹೇಳುವವರು ಮೊದಲು ಆಣೆಯಿಡಬೇಕು. ಆಣೆಯಿಡದ ಮಾತು ಬರಿ ಹರಟೆ.

“ಅತ್ತೆ, ಅಲ್ಲಿ ಆಣೆಗೀಣೆ ಇಡಲ್ಲ,” ಎಂದೆ. “ಬಿಟ್ಟುಬಿಡೋಣ.”

“ಆಣೆ ಇಲ್ದೆ ಬರೀತೀಯ? ಹಾಗಾದ್ರೆ ನಾನು ನಿಜ ಹೇಳ್ತಿದ್ದೀನಿ ಅಂತ ಅವ್ರಿಗೆ ಹೆಂಗೇ ಗೊತ್ತಾಗೋದು? ಬರಿ ಮೊದ್ಲು.”

ಬರೆದೆ. ಅತ್ತೆ ಹೇಳಿದಳು: ‘ಲಾರಿ ಬಂದಾಗ ನಾನು ಬಟ್ಟೆ ಒಗೆಯುತ್ತಿದ್ದೆ. ನನ್ನ ಬಕೆಟ್ಟು ಅರ್ಧ ತುಂಬಿತ್ತು. ಕುಬಾಲಾ ಬಿಚ್ಚು ಅಂದದ್ದನ್ನು ಈ ಕಿವಿಯಿಂದ ಕೇಳಿದೆ.’ ಅಪ್ಪ ಹೇಳಿದ: ‘ಹಿಡಿ ಬಿಚ್ಚಿದ್ದು ನಾನೇ. ಹೇಳಿದರು, ಬಿಚ್ಚಿದೆ. ಸೆಕೆಗೆ ಜಾಕೆಟ್ಟು ತೆಗೆದಿದ್ದೆ. ನಾನು ಕಳ್ಳನಲ್ಲ. ನನ್ನ ಫೋಟೊ ತೆಗೆಯಿರಿ.’

ಕೊನೆಗೆ ನಾನೂ ಅದೇ ಕಂಪ್ಯೂಟರಿನಿಂದ ಬರೆದೆ: ಒಮ್ಮತ ಕೇಳಿದ್ದಿರಿ, ತಗೊಳ್ಳಿ.

ರಜೆ ಮುಗಿಯುವ ಮುಂಚೆ ತೀರ್ಪು ಬಂತು. ರಸಮಟ್ಟ ದೂರು ಕೊಟ್ಟಿದ್ದ. ಅವನಿಗಿಂತ ಮೇಲಿನ ನಿರ್ವಾಹಕರೊಬ್ಬರು ತನಿಖೆ ಮಾಡಿದ್ದರು. ‘ಏಳು ಖಾತೆಗಳೂ ಒಂದೇ ಜಾಲವಿಳಾಸದಿಂದ, ಅಂದರೆ ಒಂದೇ ಇಂಟರ್ನೆಟ್ ಸಂಪರ್ಕದಿಂದ, ಬಳಕೆಯಾಗಿವೆ. ಆರು ಖಾತೆಗಳು ಒಂದೇ ಮಧ್ಯಾಹ್ನ ಹುಟ್ಟಿವೆ. ಆರರ ಹೇಳಿಕೆಯೂ ಒಂದೇ ವಾಕ್ಯದಿಂದ ಆರಂಭವಾಗುತ್ತದೆ. ಇವೆಲ್ಲ ಸಿಡೋನಿಯಾ ಎಂಬ ಒಬ್ಬರೇ ಸೃಷ್ಟಿಸಿದ ಕೈಗೊಂಬೆ ಖಾತೆಗಳು. ಎಲ್ಲವನ್ನೂ ನಿರ್ಬಂಧಿಸಲಾಗಿದೆ. ಹೇಳಿಕೆಗಳನ್ನು ಅಳಿಸಲಾಗಿದೆ.’

ಕೇರಿಯವರಿಗೆ ಓದಿ ಹೇಳಿದೆ. ಅವರಿಗೆ ಅರ್ಥವಾಗಲಿಲ್ಲ.

“ಅಂದ್ರೆ?”

“ಅಂದ್ರೆ ನೀವ್ಯಾರೂ ಇಲ್ಲ. ಎಲ್ಲ ನಾನೇ.”

ಅತ್ತೆ ಸೊಂಟದ ಮೇಲೆ ಕೈಯಿಟ್ಟಳು. “ಓಹೋ. ಹಾಗಾದ್ರೆ ನನ್ನ ಐದು ಮಕ್ಳನ್ನ ಹೆತ್ತೋಳು ನೀನೇನೆ? ಹೇಳೋದಲ್ವ ಮೊದ್ಲೇ, ನಾನ್ಯಾಕೆ ಸುಮ್ನೆ ಕಿರುಚಾಡ್ತಿದ್ದೆ?”

ಎಲ್ಲರೂ ನಕ್ಕರು. ಲಾಯೊಶ್ ಅಜ್ಜ ಮಾತ್ರ ನಗಲಿಲ್ಲ. ಅವನು ಕಿಟಕಿಯಾಚೆ ರಸ್ತೆಯನ್ನೇ ನೋಡುತ್ತಿದ್ದ.

ಜನವರಿಯ ಮೊದಲ ಕೆಲಸದ ದಿನ ಕುಬಾಲಾ ಅಪ್ಪನ ಜಾಕೆಟ್ಟು ವಾಪಸ್ಸು ಕೇಳಿದ.

“ಪುರಸಭೆ ಮೇಲೆ ಇಂಟರ್ನೆಟ್ಟಲ್ಲಿ ಬರೀತೀಯಂತೆ? ನನ್ನ ಹೆಸರು ಬೇರೆ. ಓದೋಕೆ ಬರಲ್ಲ, ಬರೆಯೋಕೆ ಬರುತ್ತಾ?”

“ಇದ್ದದ್ದು ಹೇಳ್ದೆ ಸಾಹೇಬ್ರೆ.”

“ಇದ್ದದ್ದನ್ನ ಮನೇಲಿ ಕೂತು ಹೇಳು. ಜಾಕೆಟ್ ಬಿಚ್ಚು.”

ಅಪ್ಪನ ಮಾತು ಚರ್ಚಾಪುಟದಲ್ಲಿ ಒಂದೆರಡು ದಿನವಷ್ಟೇ ಇತ್ತು. ಅಲ್ಲಿಗೆ ಹೋಗಿ ಓದುವವರು ಯಾರು? ಕುಬಾಲಾನಿಗೆ ಹೇಳಿದವರು ಯಾರು? ಕೇರಿ ಎರಡಾಯಿತು. ಲೂಬಿಚಾ ಹೇಳಿರಬೇಕು ಎಂದಿತು ಅರ್ಧ ಕೇರಿ. ಅವಳ ಸಂಬಳ ಎಲ್ಲಿಂದ ಬರುತ್ತದೆ? ಪುರಸಭೆಯಿಂದ. ಉಳಿದರ್ಧ ನನ್ನ ಕಡೆ ನೋಡಿತು. ಎರ್ವಿನ್ ನನ್ನೆದುರೇ ಅಪ್ಪನಿಗೆ ಹೇಳಿದ, “ನಿನ್ನ ಮಗಳೇ ಇರ್ಬೋದಲ್ಲ ಕೊಲೊ. ಓದಿದವಳು. ಹಾಸ್ಟೆಲಲ್ಲಿ ಗಾಜೊಗಳ ಜತೆ ಮಲಗಿ ಏಳ್ತಾಳೆ. ಈಗ ಯಾರ ಕಡೆಯವಳೋ ಯಾರಿಗೆ ಗೊತ್ತು? ನಮ್ಮ ಹೆಸರೆಲ್ಲ ಬರ್ಕೊಂಡೋಳು ಅವಳೇ.”

ಅಪ್ಪ ಅವನ ಕೊರಳಪಟ್ಟಿ ಹಿಡಿದ. ನಾನು ಬಿಡಿಸಿದೆ. ಎರ್ವಿನ್ ಅಂದದ್ದು ತಪ್ಪೆನ್ನಲು ನನ್ನ ಬಳಿಯೂ ಆಧಾರವಿರಲಿಲ್ಲ.

ಹಾಸ್ಟೆಲಿಗೆ ಹೋಗಿ ನನಗಿನ್ನೂ ಮುಚ್ಚಿರದ ಒಂದೇ ಜಾಗದಲ್ಲಿ, ನನ್ನದೇ ಸದಸ್ಯಪುಟದಲ್ಲಿ, ರಸಮಟ್ಟನಿಗೆ ಬರೆದೆ. ‘ನೀವು ಯಾವೊರ್ಕಾ ಪುರಸಭೆಯಲ್ಲಿ ಕೆಲಸ ಮಾಡುತ್ತೀರಾ? ಜುಲೈಯಲ್ಲಿ ಲಾರಿಯಲ್ಲಿ ಕೂತಿದ್ದಿರಾ? ಕನ್ನಡಕ ಹಾಕುತ್ತೀರಾ?’

ಉತ್ತರ ನಿರ್ವಾಹಕರಿಂದ ಬಂತು. ಸಹ ಸಂಪಾದಕರ ಗುರುತು ಬಯಲು ಮಾಡಲು ಯತ್ನಿಸುವುದು ಗಂಭೀರ ಅಪರಾಧ. ಇದು ವೈಯಕ್ತಿಕ ದಾಳಿ. ಸದ್ಭಾವನೆಯ ನಿಯಮವನ್ನು ಮತ್ತೆ ಓದಿ.

ಓದಿದೆ. ಅವರು ನಮ್ಮ ಮೇಲೆ ಅನುಮಾನಪಟ್ಟರೆ ಅದರ ಹೆಸರು ತನಿಖೆ. ನಾನು ಅವರ ಮೇಲೆ ಅನುಮಾನಪಟ್ಟರೆ ಅದರ ಹೆಸರು ದಾಳಿ. ಅವನ ಹೆಸರನ್ನು ಕೇಳಬಾರದು. ನನ್ನ ಅಪ್ಪನ ಮುಖವನ್ನು ಲೋಕಕ್ಕೆಲ್ಲ ತೋರಿಸಬಹುದು.

ಜನವರಿಯ ಕೊನೆಯಲ್ಲಿ ರೊಜಾಲಿಯಾ ಅತ್ತೆ ಸ್ಮಶಾನದ ದಿಬ್ಬದಲ್ಲಿ ಜಾರಿದಳು. ಕ್ಯಾನು ತುಂಬಿದ ತಳ್ಳುಗಾಡಿ ಅವಳ ಮೇಲೇ ಹಾದುಹೋಯಿತು. ಸೊಂಟದ ಮೂಳೆ ಮುರಿಯಿತು. ಮುಚ್ಚಳ ಬಿಚ್ಚಿದ ಕ್ಯಾನಿನ ನೀರು ಅವಳ ಲಂಗಕ್ಕೆ ಹರಿದು ಹೆಪ್ಪುಗಟ್ಟಿತ್ತು. ಆಂಬುಲೆನ್ಸಿನವರು ಹೆದ್ದಾರಿಯಲ್ಲೇ ನಿಂತು, ಇಲ್ಲಿಗೆ ಹೊತ್ತು ತನ್ನಿ ಎಂದರಂತೆ. ಎರ್ವಿನ್ ಮತ್ತು ಅಪ್ಪ ಮಾತಾಡದೆ ಒಂದು ಬಾಗಿಲ ಹಲಗೆಯ ಮೇಲೆ ಹೊತ್ತರು. ನಾನು ವಾರ್ಡಿಗೆ ಹೋದಾಗ ಅತ್ತೆ ನೋವಿನ ಔಷಧಿಯಲ್ಲಿ ತೇಲುತ್ತಿದ್ದಳು.

“ಸಿಡಾ,” ಎಂದಳು, “ನಾನು ಇಲ್ಲ ಅಂದ್ರಲ್ಲ ಅವ್ರು. ಮತ್ತೆ ಇದು ಯಾರಿಗೆ ನೋಯ್ತಿದೆ ಕೇಳು.”

ಫೆಬ್ರುವರಿಯಲ್ಲಿ ನಿರ್ವಾಹಕರು ಮತ್ತೆ ಬರೆದರು. ಈ ಸಲ ಮೆತ್ತಗೆ. ‘ತಾವು ಯುವ ಸದಸ್ಯರು, ನಿಯಮ ಅರಿಯದೆ ಹೀಗೆ ಮಾಡಿರಬಹುದು. ಆರು ಖಾತೆಗಳೂ ತಮ್ಮವೇ, ಆ ಹೆಸರಿನ ಬೇರೆ ವ್ಯಕ್ತಿಗಳು ಬರೆದಿಲ್ಲ ಎಂದು ಒಪ್ಪಿಕೊಂಡು ಕ್ಷಮೆ ಕೋರಿದರೆ ತಮ್ಮ ನಿರ್ಬಂಧವನ್ನು ತೆರವುಗೊಳಿಸುತ್ತೇವೆ. ಬಳಿಕ ಆ ವಾಕ್ಯ ಹಾಗೂ ಚಿತ್ರದ ಬಗ್ಗೆ ತಮ್ಮ ಆಕ್ಷೇಪವನ್ನು ಹೊಸದಾಗಿ, ಫೆಬ್ರುವರಿಯೊಳಗೇ ಪರಿಶೀಲಿಸಬಹುದು.’

ದಾರಿನಾ ನನ್ನ ಹೆಗಲ ಮೇಲಿಂದ ಓದಿದಳು. ಅಷ್ಟರಲ್ಲಿ ಅವಳಿಗೆ ಎಲ್ಲ ಗೊತ್ತಿತ್ತು.

“ಒಪ್ಕೊಂಡ್ಬಿಡೆ. ಒಂದು ಸುಳ್ಳು ತಾನೆ? ಒಳಗೆ ಹೋಗು, ಫೋಟೊ ತೆಗೆಸು, ಪಂಪು ಬರುತ್ತೆ. ಯಾರಿಗೇನು ನಷ್ಟ?”

ಅವಳ ಲೆಕ್ಕ ಸರಿಯಾಗಿತ್ತು. ಒಂದು ಸುಳ್ಳು, ಒಂದು ಪಂಪು. ನಾನು ಟೈಪು ಮಾಡಲು ಕೂತೆ. ‘ಆ ಆರು ಖಾತೆಗಳು’ ಎಂದು ಬರೆದೆ. ಮುಂದೆ ಬರೆಯಬೇಕಾದದ್ದು ‘ನನ್ನವೇ’ ಎಂಬ ಒಂದು ಪದ. ವಾರ್ಡಿನಲ್ಲಿ ಅತ್ತೆಯ ಕಾಲಿಗೆ ತೂಕ ಕಟ್ಟಿ ಎಳೆದಿದ್ದರು. ಎರ್ವಿನ್ ಒಂದೊಂದೇ ಅಕ್ಷರ ಹುಡುಕಿ ಕುಟ್ಟುವಾಗ ನಾಲಿಗೆ ಕಚ್ಚಿಕೊಂಡಿದ್ದ. ಅವನು ನನ್ನನ್ನು ನಂಬದಿರಬಹುದು. ಆದರೆ ಅವನು ನಾನಲ್ಲ.

“ಏನೇ ಯೋಚ್ನೆ ಮಾಡ್ತಿದೀಯ?” ಎಂದಳು ದಾರಿನಾ.

“ಇದನ್ನ ಬರೆದ್ರೆ ಆ ಪುಟದಲ್ಲಿ ನಮ್ಮಪ್ಪ ಕಳ್ಳನಾಗಿ ಮಾತ್ರ ಇರ್ತಾನೆ. ಮಾತಾಡಿದ ಅಪ್ಪ ಇರಲ್ಲ.”

“ನೀನು ವಾದ ಮಾಡೋಕೇ ಹುಟ್ಟಿದವಳು. ಅಲ್ಲಿ ಹೆಂಗಸ್ರು ಐಸಲ್ಲಿ ಜಾರ್ತಿದ್ದಾರೆ.”

ಅದೂ ನಿಜ. ಆದರೂ ಟೈಪು ಮಾಡಿದ್ದನ್ನು ಅಳಿಸಿ ಹೀಗೆ ಬರೆದೆ: ‘ಸುಳ್ಳಾಡಿದರೆ ನಾನು ಸಾಯಲಿ. ಕೊಲೊಮಾನ್ ನಾನಲ್ಲ. ರೊಜಾಲಿಯಾ ನಾನಲ್ಲ. ಎರ್ವಿನ್ ನಾನಲ್ಲ. ಅವನ ಹೆಂಡತಿ, ಅವನ ತಮ್ಮ, ಲಾಯೊಶ್ ನಾನಲ್ಲ. ನಮಗೆ ಇರುವುದು ಒಂದೇ ತಂತಿ. ನಿಮ್ಮ ಊರುಗಳಲ್ಲಿ ಮನೆಗೊಂದು ತಂತಿ ಇರುತ್ತದೆ, ಆದ್ದರಿಂದ ನೀವು ಮನುಷ್ಯರನ್ನು ತಂತಿಯಿಂದ ಎಣಿಸುತ್ತೀರಿ. ನಾನು ಕ್ಷಮೆ ಕೇಳುವುದಿಲ್ಲ. ಬಂದು ಎಣಿಸಿ.’

ನನ್ನ ಸದಸ್ಯಪುಟವನ್ನೂ ಮುಚ್ಚಿದರು. ಯಾರೂ ಎಣಿಸಲು ಬರಲಿಲ್ಲ.

ಮಾರ್ಚಿ ಸಭೆಯಲ್ಲಿ ಅಧ್ಯಕ್ಷ ಅದೇ ವಾಕ್ಯವನ್ನು ಮತ್ತೆ ಓದಿದ. ಪಂಪನ್ನು ಕಾಂಕ್ರೀಟು ಹಾಕಿ ಮುಚ್ಚಬೇಕೆಂದು ಕೈಯೆತ್ತಿದರು. ವಿರೋಧಿಸಿದವರು ಇಲ್ಲ.

ಏಪ್ರಿಲಿನಲ್ಲಿ ಲಾರಿ ಬಂತು. ಕುಬಾಲಾ ಇಳಿದ. ಕನ್ನಡಕದವನು ಈ ಸಲವೂ ಇಳಿಯಲಿಲ್ಲ. ನಾನು ರಜೆಗೆ ಬಂದಿದ್ದೆ. ಅಪ್ಪ ಮನೆಯ ಮುಂದೆ ಸೌದೆ ಸೀಳುತ್ತಿದ್ದ. ಕೆಲಸವಿಲ್ಲದ ಆ ಚಳಿಗಾಲ ಅವನ ಕೆನ್ನೆಯನ್ನು ಒಳಗೆ ಎಳೆದುಕೊಂಡಿತ್ತು.

“ಬಾರೋ ಕೊಲೊ,” ಎಂದ ಕುಬಾಲಾ. ದನಿಯಲ್ಲಿ ಹಳೆಯ ಸಿಟ್ಟಿರಲಿಲ್ಲ. “ಆದದ್ದಾಯ್ತು. ಸಿಮೆಂಟು ಕಲಸು. ಜಾಕೆಟ್ಟು ಲಾರೀಲಿದೆ. ನಾಳೆಯಿಂದ ಕೆಲಸಕ್ಕೆ ಬಾ.”

ಅಪ್ಪ ಕೊಡಲಿಯನ್ನು ಕೊರಡಿಗೆ ಕಚ್ಚಿಸಿದ. ಹತ್ತಿರ ಹೋದ. ಎರಡೂ ಕೈಯನ್ನು ಜೇಬಿಗೆ ಇಳಿಸಿದ.

“ಇಲ್ಲ.”

“ಏನಿಲ್ಲ?”

“ಕಲಸಲ್ಲ ಸಾಹೇಬ್ರೆ. ಈ ಸಲ ನೀವು ಕಲಸಿ. ಫೋಟೊ ನಾವು ತೆಗೀತೀವಿ.”

ಕುಬಾಲಾ ಲಾರಿಯ ಕಡೆ ನೋಡಿದ. ಕನ್ನಡಕದವನು ಗಾಜು ಏರಿಸಿಕೊಂಡ. “ಹೋಗಲಿ ಬಿಡು, ನಿನ್ನ ಹಣೆಬರಹ,” ಎಂದು ಕುಬಾಲಾ ಎರ್ವಿನನನ್ನು ಕರೆದ. ಎರ್ವಿನ್ ಬಂದ. ಅವನಿಗೆ ಮೂರು ಮಕ್ಕಳು. ತಲೆ ಎತ್ತದೆ ಕಲಸಿದ, ತಲೆ ಎತ್ತದೆ ಸುರಿದ. ಜಾಕೆಟ್ಟನ್ನು ಮಾತ್ರ ಬಿಚ್ಚಲಿಲ್ಲ. ಬೆವರು ಮೂಗಿನಿಂದ ಸಿಮೆಂಟಿಗೆ ತೊಟ್ಟಿಕ್ಕುತ್ತಿದ್ದರೂ ಗುಂಡಿ ಬಿಚ್ಚಲಿಲ್ಲ.

ನಾನು ಫೋಟೊ ತೆಗೆದೆ. ಲಾರಿ, ಅದರ ಮೇಲಿನ ಪುರಸಭೆಯ ಲಾಂಛನ, ಕುಬಾಲಾ, ಗಾಜಿನ ಹಿಂದಿನ ಕನ್ನಡಕ, ಎಲ್ಲ ಬರುವಂತೆ ತೆಗೆದೆ. ಹಾಕಲು ನನಗೆ ಖಾತೆ ಇರಲಿಲ್ಲ.

ಕಾಂಕ್ರೀಟು ಇನ್ನೂ ಹಸಿಯಾಗಿತ್ತು. ಮಧ್ಯಾಹ್ನ ಊಟದ ಹೊತ್ತು ಮುಗಿದಮೇಲೆ ಭವನದ ಕಂಪ್ಯೂಟರಿನಲ್ಲಿ ವಿಶ್ವಕೋಶ ತೆರೆದು ನೋಡಿದೆ. ನಮ್ಮ ಊರಿನ ಪುಟಕ್ಕೆ ಒಂದು ಹೊಸ ವಾಕ್ಯ ಸೇರಿತ್ತು. ‘ಹಾಳಾದ ಪಂಪನ್ನು ಸುರಕ್ಷತೆಯ ದೃಷ್ಟಿಯಿಂದ ಶಾಶ್ವತವಾಗಿ ಮುಚ್ಚಲಾಗಿದೆ.’ ಬರೆದವನು ರಸಮಟ್ಟ. ಪತ್ರಿಕೆ ಇನ್ನೂ ಅಚ್ಚಿಗೇ ಹೋಗಿರಲಿಲ್ಲ. ಆಧಾರ ಎಲ್ಲಿ ಎಂದು ಅವನನ್ನು ಯಾರೂ ಕೇಳಿರಲಿಲ್ಲ.

ಕೇಳಬಹುದಾಗಿದ್ದವರನ್ನೆಲ್ಲ ಹೊರಗೆ ಹಾಕಿದ್ದರು.

ಇನ್ನು ಹೋದದ್ದರ ಲೆಕ್ಕ. ಪಂಪು, ಒಂದು. ಅಪ್ಪನ ಕೆಲಸ, ಒಂದು. ರೊಜಾಲಿಯಾ ಅತ್ತೆಯ ಸೊಂಟ, ಒಂದು. ಅವಳು ಮತ್ತೆ ನಡೆಯಲಿಲ್ಲ. ಸಾಕ್ಷಿ ಹೇಳಲು ನಾವು ಏಳು ಜನ ಹೋಗಿದ್ದೆವು. ಒಬ್ಬಳನ್ನು ಲೆಕ್ಕಕ್ಕೆ ಹಿಡಿದರು. ಜನ, ಆರು.